ಸರೋಜಮ್ಮ ಬರೆದ ಮೊಟ್ಟೆಗಳು

ಇವತ್ತು ಬೆಳಿಗ್ಗೆ ಮಗಳ ಅಡುಗೆಮನೆಯಲ್ಲಿ, ಮೊಮ್ಮಗನ ಆಮ್ಲೆಟ್ಟಿಗೆಂದು ತೆಗೆದಿಟ್ಟಿದ್ದ ಮೊಟ್ಟೆಯೊಂದರ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ನೆರಳು ಕಟ್ಟೆಯುದ್ದಕ್ಕೂ ಹರಿದಿತ್ತು. ಕಾಫಿ ಲೋಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಮುದುಕಿಯೊಬ್ಬಳು ಮೊಟ್ಟೆಗೆ ಹೆದರುತ್ತಾಳೆಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿದ ಮೇಲೆ.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಮತ್ತಿಕೆರೆಗೆ ಬಂದಿದ್ದೆ. ಆಗ ಅದಿನ್ನೂ ಹಳ್ಳಿ. ನಮ್ಮ ವಠಾರದ ಹಿಂಗೋಡೆಗೆ ರಾಗಿ ಹೊಲ ತಾಗಿಕೊಂಡಿತ್ತು. ಯಜಮಾನರು ಯಶವಂತಪುರದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋದರೆ ಬರುವುದು ಕತ್ತಲಾದ ಮೇಲೆ. ಪಕ್ಕದ ಕೋಣೆಯಲ್ಲಿ ಸರೋಜಮ್ಮ ಒಬ್ಬರೇ ಇದ್ದರು. ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಟೀಚರ್. ತಮ್ಮವರ ಮಾತನ್ನು ಎಂದೂ ಎತ್ತಿದವರಲ್ಲ.

ರಜೆ ಬಂದರೆ ಅವರು ಹಿತ್ತಿಲಲ್ಲಿ ಕೋಳಿ ಸಾಕಿದ್ದ ವಠಾರದ ಮಾಲೀಕರ ಹೆಂಡತಿ ಮುನಿಯಮ್ಮನವರಿಂದ ಮೊಟ್ಟೆ ಕೇಳಿ ತಂದು, ಕಿಟಕಿಯಲ್ಲಿ ತಟ್ಟೆಯ ಮೇಲಿಟ್ಟು, ನೀರುಬಣ್ಣದಲ್ಲಿ ಬರೆಯುತ್ತಿದ್ದರು. ಮೊಟ್ಟೆ ಹೊಸಿಲು ದಾಟದ ಮನೆಯಿಂದ ಬಂದ ನನಗೆ ಅದನ್ನು ನೋಡುತ್ತ ಕೂರುವುದೇ ಒಂದು ಕಳ್ಳ ಸಂತೋಷ.

"ಬಿಳಿ ಬಣ್ಣ ಮುಟ್ಟಲೇಬಾರದು ಕಣೇ," ಅನ್ನುತ್ತಿದ್ದರು. "ಕಾಗದಾನೇ ಬಿಳಿ. ಸುತ್ತ ನೆರಳು ಬರೀತಾ ಹೋಗು, ಮೊಟ್ಟೆ ತಾನಾಗೇ ಬಂದು ಕೂರುತ್ತೆ."

ನನ್ನ ಕಾಗದದಲ್ಲಿ ಬಂದು ಕೂತಿದ್ದು ಆಲೂಗಡ್ಡೆ. ಅವರದಾದರೋ, ಎಲ್ಲಿ ಉರುಳಿಬಿಡುತ್ತದೋ ಎಂದು ನಾವು ಕೈ ಒಡ್ಡುವ ಹಾಗಿರುತ್ತಿತ್ತು.

ಬರೆದಾದ ಮೇಲೆ ಮೊಟ್ಟೆಗಳು ವಾಪಸು. ಒಂದು ದಿನ ಮುನಿಯಮ್ಮ ಬಾಗಿಲಿಗೆ ಬಂದು ನಿಂತರು.

"ಟೀಚರಮ್ಮ, ನೀವು ಬರ್ದ ಮೊಟ್ಟೆ ಒಂದೂ ಮರಿ ಆಗಕಿಲ್ಲ. ಕಾವಿಗೆ ಇಕ್ಕುದ್ರೆ ಕೋಳಿ ಆಚೆಗೆ ತಳ್ತದೆ."

"ಬಿಸಿಲಿಗೆ ಕೆಟ್ಟಿರುತ್ತೆ ಬಿಡಿ," ಎಂದು ಸರೋಜಮ್ಮ ನಕ್ಕರು. ಖಾತ್ರಿಯಾಗಲೆಂದು ಅದೇ ಕಿಟಕಿಯಲ್ಲಿ ಎರಡು ಮೊಟ್ಟೆ ಇಟ್ಟು, ಒಂದನ್ನು ಮಾತ್ರ ಬರೆದು, ಗುರುತಿಗೆ ಅದರ ಬುಡಕ್ಕೊಂದು ಪೆನ್ಸಿಲ್ ಚುಕ್ಕೆ ಹಾಕಿದರು. ಎರಡನ್ನೂ ಕಾವಿಗೆ ಕೂತ ಕೋಳಿಯ ಕೆಳಗೆ ಸೇರಿಸಿದೆವು. ಮಧ್ಯಾಹ್ನ ನೋಡಿದರೆ ಬುಟ್ಟಿಯಾಚೆ ಬಿದ್ದಿದ್ದು ಚುಕ್ಕೆಯದು. ಮುನಿಯಮ್ಮ ಅದನ್ನು ಬಟ್ಟಲಿಗೆ ಒಡೆದರು. ಹಳದಿ ಇರಲಿಲ್ಲ. ನಾತವೂ ಇರಲಿಲ್ಲ. ಬರೀ ತಿಳಿನೀರು.

"ಸಿವನೇ," ಎಂದ ಮುನಿಯಮ್ಮ ನನ್ನ ಹೊಟ್ಟೆಯತ್ತ ನೋಡಿದರು. ನಾನಾಗ ಬಸುರಿ. ಆ ವಾರವೆಲ್ಲ ಸರೋಜಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಚಿತ್ರ ಬರೆಯುತ್ತಿದ್ದರು.

ಮಾರನೆಯ ದಿನ ನಾನು ಹೋಗಲಿಲ್ಲ. ಮಗು ಮಿಸುಕುತ್ತದೆಯೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಮಿಸುಕಲಿಲ್ಲ. ಸಂಜೆ ಸರೋಜಮ್ಮ ಬಂದು, ಒಳಗೆ ಕಾಲಿಡದೆ, ಕಾಗದವನ್ನು ಮುಂದೆ ಹಿಡಿದರು. ಮುಖ, ಹೆರಳು, ತೋಳು, ಸೀರೆ ಎಲ್ಲ ಇತ್ತು. ಹೊಟ್ಟೆಯಿರುವ ಕಡೆ ಖಾಲಿ.

"ಅಲ್ಲಿ ಬರ್ದಿಲ್ಲ ಕಣೇ. ಹೆದರ್ಬೇಡ."

ನಾನು ಬಗ್ಗಿ ನೋಡಿದೆ. ಸುತ್ತ ಸೀರೆಯ ನೆರಳು. ನಡುವೆ ಉಳಿದ ಬಿಳಿ ದುಂಡಗೆ ಬಂದು ಕೂತಿತ್ತು.

"ಸರೋಜಮ್ಮ, ಮೊಟ್ಟೇನೂ ನೀವು ಹಿಂಗೇ ಅಲ್ವಾ ಬರೆಯೋದು?"

ಅವರ ತುಟಿ ಬೆಳ್ಳಗಾಯಿತು. ಬಚ್ಚಲಿನ ತೊಟ್ಟಿಗೆ ಕಾಗದವನ್ನು ಅದ್ದಿ, ನನ್ನ ಮುಖ ಕರಗಿ ಹೋಗುವವರೆಗೆ, ಕಾಗದ ಮುದ್ದೆಯಾಗುವವರೆಗೆ ಉಜ್ಜಿದರು. ಉಜ್ಜುತ್ತ ಅಳುತ್ತಿದ್ದರು. ಆಗ, ಒಳಗಿನಿಂದ, ಮಗು ಒದೆಯಿತು.

ಆ ತಿಂಗಳೇ ಅವರು ಕೋಣೆ ಖಾಲಿ ಮಾಡಿದರು. ಎಲ್ಲಿಗೆ ಹೋದರೋ, ಯಾರಿಗೂ ಹೇಳಲಿಲ್ಲ. ನನಗೆ ಮಗಳು ಸುಖವಾಗಿ ಹುಟ್ಟಿದಳು.

ಇದನ್ನೆಲ್ಲ ಅವಳಿಗೆ ಹೇಳಿದ್ದು ಇವತ್ತೇ ಮೊದಲು. ಅಮ್ಮನಿಗೆ ಅರಳುಮರಳು ಅನ್ನುತ್ತಾಳೆಂದುಕೊಂಡಿದ್ದೆ. ಅವಳು ಒಲೆ ಆರಿಸಿ ಕೇಳಿದಳು:

"ಅಮ್ಮ, ಅವರನ್ನ ಯಾವತ್ತಾದ್ರೂ, ಯಾರಾದ್ರೂ ಬರ್ದಿದ್ರಾ?"

ಆ ತಿಳಿನೀರಿನ ಬಟ್ಟಲು, ತಮ್ಮವರೆಂದು ಯಾರೂ ಇಲ್ಲದ ಅವರ ಕೋಣೆ, ಎರಡೂ ಒಟ್ಟಿಗೇ ಕಣ್ಮುಂದೆ ಬಂದವು. ಇಷ್ಟು ವರ್ಷ ಸರೋಜಮ್ಮನನ್ನು ನೆನೆದರೆ ಹೆದರಿಕೆಯಾಗುತ್ತಿತ್ತು. ಇವತ್ತು ಅಳು ಬಂತು.