ಅಕ್ಕನ ಮದುವೆಯ ಕ್ಯಾಸೆಟ್ಟು, ಎರಡು ವಿಸಿಆರ್

ಕೊಪ್ಪದ ಬಸ್ ನಿಲ್ದಾಣದ ಹಿಂದಿರುವ ಟಿವಿ ರಿಪೇರಿ ಅಂಗಡಿಯವರ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂದಿತ್ತು. ಅಕ್ಕನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬೇಕು ಎಂದರೆ, ಅವರು ಡ್ರಾಯರಿನಿಂದ ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಬೆರಳುದ್ದದ ಕ್ಯಾಪ್ಚರ್ ಸ್ಟಿಕ್ ಒಂದನ್ನು ತೆಗೆದು, ಅಂಗಿಗೆ ಒರೆಸಿ, ಹಳೆಯ ವಿಸಿಆರ್ ಪಕ್ಕ ಇಟ್ಟರು.

"ಇಷ್ಟೇ. ಬೆಳಿಗ್ಗೆ ಕ್ಯಾಸೆಟ್ಟು ತಂದ್ರೆ ಮಧ್ಯಾಹ್ನ ಪೆನ್‌ಡ್ರೈವಲ್ಲಿ ಕೊಡ್ತೀನಿ."

"ಸಿಗ್ನಲ್ ಸ್ವಲ್ಪ ನಡುಗಿದ್ರೂ ಇದು ನಿಂತುಬಿಡುತ್ತೆ. ದನಿ ಒಂದು ಕಡೆ, ಚಿತ್ರ ಒಂದು ಕಡೆ ಆಗುತ್ತೆ," ಎಂದೆ.

"ನೀವು ಯೂನಿವರ್ಸಿಟೀಲಿ ಓದಿದೋರು ಮಾರಾಯ್ರೆ. ಟೇಪು ಓದಿಲ್ಲ. ಅದು ಕಾಯಲ್ಲ."

ನನಗೆ ಬೇಕಿದ್ದದ್ದು ಮದುವೆಯಲ್ಲ, ಅದರೊಳಗಿನ ಒಂದು ಮಾತು. ಹೆಣ್ಣು ಒಪ್ಪಿಸಿಕೊಡುವಾಗ ಅಪ್ಪ ಅಕ್ಕನ ಕೈ ಹಿಡಿದು, "ಅಲ್ಲಿ ಸರಿಹೋಗದಿದ್ರೆ ಬಂದ್ಬಿಡು, ನಿನ್ನ ಕೋಣೆ ಹಾಗೇ ಇರುತ್ತೆ" ಎಂದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಕ್ಕ ಮಾತ್ರ, ಅಪ್ಪ ಬಾಯಿಯೇ ಬಿಡಲಿಲ್ಲ ಎನ್ನುತ್ತಾಳೆ. ಕೇಳೋಣವೆಂದರೆ ಅಪ್ಪ ಈಗಿಲ್ಲ. ಆ ಮಾತು ನಾನೇ ಕಟ್ಟಿಕೊಂಡದ್ದಾದರೆ, ನನ್ನ ತಲೆಯಲ್ಲಿರುವ ಅಪ್ಪನಲ್ಲಿ ನಿಜದ ಪಾಲೆಷ್ಟು?

ಹಾಗಾಗಿ ಸ್ಟಿಕ್ಕನ್ನು ತಿರಸ್ಕರಿಸಿ ಬಂದೆ. ಚಿತ್ರ ನಡುಗದಂತೆ ಹಿಡಿದಿಡುವ ಸರ್ಕ್ಯೂಟ್ ಇರುವ ವಿಸಿಆರೇ ಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಬ್ಬ ಹೊಗಳಿದ ಯಂತ್ರವನ್ನು ಇನ್ನೊಬ್ಬ ಕಸವೆಂದು ಬೈದಿದ್ದ. ಇಬ್ಬರನ್ನೂ ನಂಬದೆ ಮೂರನೆಯವನನ್ನು ಓದಿದೆ. ಬೇಸಿಗೆ ಮುಗಿಯಿತು. ಕ್ಯಾಸೆಟ್ಟು ಕಡಹಿನಬೈಲಿನಲ್ಲಿ ಅಕ್ಕನ ಮನೆಯಲ್ಲೇ ಇತ್ತು. ಬೂಷ್ಟು ಹಿಡಿಯದ ಹಾಗೆ ಬೆಚ್ಚಗಿಡು ಎಂದು ಫೋನಿನಲ್ಲಿ ಹೇಳಿದೆ.

ಮಳೆಗಾಲ ಕಳೆದ ಮೇಲೆ, ಕೊನೆಗೂ ಆರಿಸಿ ತರಿಸಿದ ಯಂತ್ರ ಬಂತು. ಕ್ಯಾಸೆಟ್ಟು ತರಲು ಹೋದರೆ ಅಕ್ಕ ಅದನ್ನು ಇಳಿಸಿದ್ದು ಬಚ್ಚಲ ಒಲೆಯ ಮೇಲಿನ ಅಟ್ಟದಿಂದ, ಹಪ್ಪಳದ ಡಬ್ಬದ ಪಕ್ಕದಿಂದ. ಪ್ಲಾಸ್ಟಿಕ್ ಡೊಂಕಾಗಿ, ಮೇಲೆಲ್ಲ ಮಸಿ ಕೂತಿತ್ತು.

"ಇದೇನು ಹೊಗೆಗೆ ಇಡೋ ಸೌತೆ ಬೀಜ ಅಂದ್ಕೊಂಡ್ಯಾ?" ಎಂದು ಕೂಗಿದೆ.

"ನೀನೇ ಅಲ್ವನಾ ಅಟ್ಟದಲ್ಲಿಡು ಅಂದಿದ್ದು?"

"ಬೆಚ್ಚಗಿಡು ಅಂದೆ!"

"ನೀ ಅಟ್ಟ ಅಂದೆ ಮಾರಾಯ. ನಂಗೆ ಕಿವಿ ಸರಿ ಇದೆ."

ನಾನು ಅಟ್ಟ ಎಂದಿರಲಿಲ್ಲ. ಎಂದಿರಲಿಲ್ಲ ಎಂದೇ ನನ್ನ ನೆನಪು. ಆ ನೆನಪನ್ನು ಎಷ್ಟು ನಂಬಬಹುದು ಎನ್ನುವುದೇ ಜಗಳವಾಗಿರುವಾಗ ಇನ್ನೇನು ಹೇಳಲಿ? ಸಿಟ್ಟು ಇನ್ನಷ್ಟು ಏರಿತು.

ನನ್ನ ಹೊಸ ಯಂತ್ರ ಡೊಂಕು ಕ್ಯಾಸೆಟ್ಟನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಅಕ್ಕನನ್ನು ಕರೆದುಕೊಂಡು ಅದೇ ಕೊಪ್ಪದ ಅಂಗಡಿಗೆ ಹೋದೆ. ಅಂಗಡಿಯವರು ಬೈಯಲಿಲ್ಲ, ನಗಲಿಲ್ಲ. ಅದೂ ನನ್ನನ್ನು ಕೆರಳಿಸಿತು. ಸ್ಕ್ರೂ ಬಿಚ್ಚಿ, ಟೇಪಿನ ಸುರುಳಿಗಳನ್ನು ಬೇರೊಂದು ಖಾಲಿ ಕ್ಯಾಸೆಟ್ಟಿಗೆ ಸೇರಿಸಿ, ತಮ್ಮ ಹಳೆಯ ವಿಸಿಆರಿಗೆ ತಳ್ಳಿದರು. ಚಿತ್ರದ ಕೆಳಗೊಂದು ಬಿಳಿ ಗೆರೆ ಕುಣಿಯಿತು, ಅಷ್ಟೇ. ಧಾರೆ, ಊಟ, ಮತ್ತೆ ಊಟ. ಆಮೇಲೆ ಅಪ್ಪ ಅಕ್ಕನ ಕೈ ಹಿಡಿದರು.

ಅಷ್ಟರಲ್ಲಿ ಹಾಡು ಶುರುವಾಯಿತು. ತವರಿನ ಮೇಲಿನ ಅಳುಮೋರೆಯ ಸಿನಿಮಾ ಹಾಡು. ಎಲ್ಲರ ಮದುವೆಯಲ್ಲೂ ಈ ಜಾಗಕ್ಕೆ ವಿಡಿಯೋದವರು ಅಂಟಿಸುತ್ತಿದ್ದದ್ದೇ.

"ಈ ಹಾಡು ತೆಗೀರಿ. ಕೆಳಗಿನ ದನಿ ಬೇಕು," ಎಂದೆ.

"ಕೆಳಗೆ ಎಂತದೂ ಇಲ್ಲ ಮಾರಾಯ್ರೆ. ದನಿ ಅಳಿಸಿಯೇ ಹಾಡು ಹಾಕೋದು."

"ಅಷ್ಟೂ ನೆನಪಿಲ್ವನಾ? ಕ್ಯಾಸೆಟ್ ಹಾಕಿದಾಗೆಲ್ಲ ಈ ಹಾಡಿಗೆ ನೀನೇ ದನಿ ಸೇರಿಸಿ ಹಾಡ್ತಿದ್ದೆ," ಎಂದಳು ಅಕ್ಕ.

ನನಗೆ ನೆನಪಿರಲಿಲ್ಲ. ಯಾವ ವಿಸಿಆರ್ ಕೊಂಡಿದ್ದರೂ ಅಷ್ಟೇ ಆಗುತ್ತಿತ್ತು. ಆ ವಿಡಿಯೋದವನನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತಿದ್ದಂತೆ ಪರದೆಯ ಮೇಲೆ ಅಪ್ಪನ ತುಟಿ ಆಡಿತು.

"ನೋಡು! ಬಾಯಿಯೇ ಬಿಡಲಿಲ್ಲ ಅಂದ್ಯಲ್ಲ!"

ಅಕ್ಕ ಕುರ್ಚಿಯಿಂದ ಎದ್ದು ಟಿವಿಯ ಹತ್ತಿರ ಹೋದಳು. ಅಂಗಡಿಯವರು ಹಿಂದಕ್ಕೋಡಿಸಿ ಮತ್ತೆ ತೋರಿಸಿದರು. ತುಟಿ ಮತ್ತೆ ಆಡಿತು. ಅವಳು ನನ್ನತ್ತ ತಿರುಗಿದಳು. ಮುಖದಲ್ಲಿ ಜಗಳವಿರಲಿಲ್ಲ.

"ಹೌದಲ್ಲನಾ. ಅಪ್ಪ ಎಂತ ಹೇಳಿದ್ದು?"

ಇಷ್ಟು ವರ್ಷ ಅವಳ ಮುಖಕ್ಕೆ ಎಸೆಯುತ್ತಿದ್ದ ಮಾತು ಅಪ್ಪನದೋ ನಾನೇ ಕಟ್ಟಿಕೊಂಡದ್ದೋ, ಆ ತುಟಿ ಹೇಳುತ್ತಿರಲಿಲ್ಲ.

"ಏನು ನೋಡ್ತಾ ನಿಂತಿದೀರಿ? ಪೆನ್‌ಡ್ರೈವಿಗೆ ಹಾಕಿ," ಎಂದು ಅಂಗಡಿಯವರ ಮೇಲೆ ರೇಗಿದೆ.

ಅವರು ಡ್ರಾಯರ್ ಎಳೆದು ಅದೇ ಬೆರಳುದ್ದದ ಸ್ಟಿಕ್ ತೆಗೆದರು.