ಐದನೆಯವರ ಚಿಟಿಕೆ

ಬೆಳಗಿನ ಐದು ಗಂಟೆ. ಹಳೆಯ ರೇಡಿಯೋ ಕಟ್ಟಡದ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಟಬ್ಬಿನ ಮುಂದೆ ನಿಂತು ಹಾಡುಗಳಿಗೆ ಸ್ನಾನ ಮಾಡಿಸುತ್ತಿದ್ದಾರೆ. ಉಗುರುಬೆಚ್ಚಗಿನ ನೀರು, ಎರಡೇ ಹನಿ ಸೋಪು, ಎಳೆಮಗುವಿನ ತಲೆಗೆ ಬಳಸುವಂಥ ಮೆತ್ತನೆಯ ಬ್ರಷ್ಷು. ರೆಕಾರ್ಡಿನ ನಡುವೆ ಅಂಟಿಸಿದ ಕಾಗದ ನೆನೆಯದಂತೆ ಅದರ ಮೇಲೆ ಊಟದ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಿದ್ದಾರೆ. ತೊಳೆದಾದವು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ಸಾಲಾಗಿ ಕೂತು ನೀರು ಸೋರಿಸುತ್ತಿವೆ. "ಮನೇಲಿ ಪಾತ್ರೆಗಳನ್ನ ಇಷ್ಟು ಚೆನ್ನಾಗಿ ತೊಳೆದಿದ್ರೆ ನಮ್ಮತ್ತೆ ನನ್ನನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಿದ್ರು" ಅನ್ನುತ್ತಾರೆ, ಬ್ರಷ್ಷು ನಿಲ್ಲಿಸದೆ.

ಕಟ್ಟಡದಲ್ಲಿ ಇವರನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದು. ವಯಸ್ಸು ಐವತ್ತೆರಡು. ಹಳೆಯ ರೆಕಾರ್ಡುಗಳನ್ನು ತೊಳೆದು, ಒರೆಸಿ, ಮುಳ್ಳಿಟ್ಟು ನುಡಿಸಿ, ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದರಲ್ಲಿರುವ ಚಟ್ ಪಟ್ ಸದ್ದುಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದು ಕೆಲಸ. ಇಷ್ಟು ಬೇಗ ಯಾಕಮ್ಮ ಎಂದು ಕೇಳಿದರೆ ಗೋಡೆಯ ಕಡೆ ಕೈ ತೋರಿಸುತ್ತಾರೆ. ಆ ಗೋಡೆಯ ಹಿಂದೆ ಲಿಫ್ಟಿದೆ. ಏಳೂವರೆಗೆ ಅದು ಎದ್ದಿತೆಂದರೆ ಮುಳ್ಳು ಅದರ ನಡುಕವನ್ನೂ ಹಿಡಿದುಕೊಳ್ಳುತ್ತದೆ, ಹಾಡಿನ ಜೊತೆ ಲಿಫ್ಟೂ ಹಾಡುತ್ತದೆ. ಹಾಗಾಗಿ ಮುಳ್ಳಿನ ಕೆಲಸವೆಲ್ಲ ಲಿಫ್ಟು ಏಳುವ ಮೊದಲೇ ಆಗಬೇಕು.

ದಿನಕ್ಕೆ ಎರಡು ಹಾಡು, ಬಹಳವೆಂದರೆ ಮೂರು. ಎರಡೂವರೆ ನಿಮಿಷದ ಹಾಡೊಂದನ್ನು ಶುಚಿ ಮಾಡಲು ಮೂರು ಗಂಟೆ ಬೇಕು. ಒಂದೊಂದು ಹಾಡಿನಲ್ಲಿ ಆರುನೂರು ಚಟ್ ಸದ್ದು ಸಿಗುವುದೂ ಉಂಟು. ಹದಿನಾಲ್ಕು ವರ್ಷದಲ್ಲಿ ಎಷ್ಟು ಹಾಡು ಕೈಮೇಲೆ ಹೋದವೋ ಇವರು ಲೆಕ್ಕ ಇಟ್ಟಿಲ್ಲ. ಕೂರುವ ಕುರ್ಚಿ ಕಿರುಗುಟ್ಟುತ್ತದೆಂದು ಎರಡು ವರ್ಷದಿಂದ ಹೊಸದಕ್ಕೆ ಅರ್ಜಿ ಹಾಕುತ್ತಲೇ ಇದ್ದಾರೆ. ಅಲ್ಲಿಯವರೆಗೆ ಕಿವಿಗೆ ಹೆಡ್‌ಫೋನ್ ಹಾಕಿದ ಮೇಲೆ ಅಲ್ಲಾಡದೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ಈ ಕಿವಿ ಅಪ್ಪ ಕೊಟ್ಟ ಆಸ್ತಿ. ಅಪ್ಪ ಗಡಿಯಾರ ರಿಪೇರಿಯವರು. ಬಟ್ಟೆಯ ಬೀರುವಿನಷ್ಟೇ ಅಗಲದ ಅಂಗಡಿ. ಅಪ್ಪ ಒಳಗೆ ಕೂತರೆ ಮಗಳು ಹೊಸ್ತಿಲ ಮೇಲೆ. ವಯಸ್ಸಾಗಿ ಅಪ್ಪನ ಕಣ್ಣು ಮಂಜಾದಾಗ ಗಡಿಯಾರಗಳು ಮಗಳ ಕಿವಿಗೆ ಬಂದವು. ಯಾವ ಹಲ್ಲು ಸವೆದಿದೆ, ಯಾವ ಸ್ಪ್ರಿಂಗ್ ಸುಸ್ತಾಗಿದೆ ಎಂದು ಅವಳು ಕೇಳಿ ಹೇಳಬೇಕು, ಅವರು ತಡವಿ ಸರಿಮಾಡಬೇಕು. "ಸದ್ದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋವರೆಗೂ ಸ್ಕ್ರೂಗೆ ಕೈ ಹಾಕಬೇಡ ಮಗಾ" ಎಂಬುದು ಅಪ್ಪನ ಮಾತು. ಬ್ಯಾಟರಿ ಗಡಿಯಾರಗಳು ಬಂದ ಮೇಲೆ ರಿಪೇರಿಗೆ ಬರುವವರೇ ಇಲ್ಲವಾಗಿ ಅಂಗಡಿ ಮುಚ್ಚಿತು. ಮಗಳು ಕಸ ಗುಡಿಸುವ ಕೆಲಸಕ್ಕೆ ಈ ಕಟ್ಟಡಕ್ಕೆ ಬಂದರು. ಒಂದು ದಿನ ಪೊರಕೆ ಹಿಡಿದೇ ಎಂಜಿನಿಯರಿಗೆ, "ಸಾರ್, ಆ ಮಷೀನಿನ ಎಡಗಡೆ ಚಕ್ರ ಸವೆದಿದೆ" ಅಂದರು. ಅವರು ನಕ್ಕರು. ಬಿಚ್ಚಿ ನೋಡಿದ ಮೇಲೆ ನಗು ನಿಂತಿತು. ಮುಂದಿನ ತಿಂಗಳು ಪೊರಕೆ ಹೋಗಿ ಬ್ರಷ್ಷು ಬಂತು. ಕೆಲಸ ಕಾಯಂ ಆಗಲು ಮಾತ್ರ ಮತ್ತೆ ಒಂಬತ್ತು ವರ್ಷ ಹಿಡಿಯಿತು.

ಇವರ ಯಜಮಾನರು ಬಸ್ ಡ್ರೈವರು. ಮನೆಯಲ್ಲಿ ಒಂದು ಸುಳ್ಳು ಹೇಳುವ ಹಾಗಿಲ್ಲ ಎಂಬುದು ಅವರ ಗೋಳು. "ಬೀಗ ತಿರುಗಿಸಿದ ಸದ್ದಲ್ಲೇ ನಾನು ಯಾರ ಜೊತೆ ಎಷ್ಟೊತ್ತು ಹರಟೆ ಹೊಡೆದು ಬಂದೆ ಅಂತ ಹೇಳ್ತಾಳೆ ಮಾರಾಯ್ರೇ." ಹೆಂಡತಿ ಸೋಲ್ ಎಂಬ ಪಾಶ್ಚಾತ್ಯ ಸಂಗೀತದ ತಂಡವೊಂದರ ಹಾಡುಗಳನ್ನು ತೊಳೆಯುತ್ತಿದ್ದಾಳೆ ಎಂದಾಗ, "ಸೋತವರೇ ಅಷ್ಟು ಚೆನ್ನಾಗಿ ಹಾಡಿದ್ರೆ ಗೆದ್ದವರು ಹೇಗೆ ಹಾಡ್ತಿದ್ರೋ" ಎಂದು ನಕ್ಕಿದ್ದರಂತೆ.

ನಕ್ಕಿದ್ದು ಸರಿ, ಆದರೆ ಕಿವಿಯಕ್ಕನ ಹದಿನಾಲ್ಕು ವರ್ಷದ ಹೆಸರು ಮಣ್ಣುಪಾಲಾಗುವುದರಲ್ಲಿದ್ದದ್ದು ಆ ಹಾಡುಗಳಿಂದಲೇ. ಕತೆಯನ್ನು ಅವರೇ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಹೋದ ತಿಂಗಳು ಕ್ಯಾಸೆಟ್ಟು, ಸೀಡಿ ಮಾಡುವ ಸಣ್ಣ ಕಂಪನಿಯೊಂದು ನಾಲ್ಕು ರೆಕಾರ್ಡು ತಂದುಕೊಟ್ಟಿತು. ಎರಡೂ ಬದಿ ಸೇರಿ ಎಂಟು ಹಾಡು. ಒಂದು ಕಾಲಕ್ಕೆ ಬೀದಿ ಬೀದಿಯಲ್ಲಿ ಕೇಳುತ್ತಿದ್ದ ತಂಡ ಅದು. ಆದರೆ ಇವು ಹೆಸರು ಬರುವ ಮೊದಲು ಹಾಡಿದವು, ಅರವತ್ತು ವರ್ಷ ಹಳೆಯವು. ಮೂರು ದಿನದಲ್ಲಿ, ಒಂದೇ ಮೈಕಿನ ಸುತ್ತ ನಿಂತು ಹಾಡಿ ಮುಗಿಸಿದ್ದು. ಡ್ರಮ್ಮಿಲ್ಲ, ಗಿಟಾರಿಲ್ಲ, ಬರೀ ಗಂಟಲು. ಒಬ್ಬರದು ಏಣಿ ಹತ್ತಿದಂತೆ ಮೇಲೇರುವ ದನಿ, ಒಬ್ಬರದು ಭಾರದ ಮೇಜನ್ನು ನೆಲದ ಮೇಲೆ ಎಳೆದಂಥ ದನಿ, ನಡುವೆ ಇಬ್ಬರು ಒಬ್ಬರ ಕೈ ಇನ್ನೊಬ್ಬರು ಬಿಡದೆ ಬರುತ್ತಾರೆ. "ಎಂಟರಲ್ಲಿ ಆರು ಹಾಡು ಬಿಟ್ಟುಹೋದ ಹುಡುಗಿ ಬಗ್ಗೆ, ಎರಡು ವಾಪಸ್ ಬಂದವಳ ಬಗ್ಗೆ. ಅವರ ಹುರುಪು ಕೇಳಿದ್ರೆ ಬಿಟ್ಟುಹೋದದ್ದೇ ಒಳ್ಳೇದಾಯ್ತು ಅನ್ಸುತ್ತೆ" ಎಂದು ಕಿವಿಯಕ್ಕ ನಗುತ್ತಾರೆ. ಆ ಹಾಡುಗಳನ್ನು ಕೇಳುತ್ತಾ ಎರಡು ದಿನ ಕುರ್ಚಿಯ ಕಿರುಗುಟ್ಟುವಿಕೆಯನ್ನೂ ಮರೆತು ತಲೆದೂಗಿದ್ದರಂತೆ.

ಮೊದಲ ಹಾಡಿನಲ್ಲಿ ಒಂದು ಚಟ್ ಸದ್ದಿತ್ತು. ರೆಕಾರ್ಡಿಗೆ ಅಡ್ಡ ಗೀರು ಬಿದ್ದಿದ್ದರೆ ಪ್ರತಿ ಸುತ್ತಿಗೂ ಮುಳ್ಳು ಅದರ ಮೇಲೆ ಎಡವುತ್ತದೆ. ಈ ರೆಕಾರ್ಡು ತಿರುಗುವುದು ನಿಮಿಷಕ್ಕೆ ನಲವತ್ತೈದು ಸುತ್ತು. ಇವರು ಹಾಡಿನ ನಡುವಿನ ಒಂದು ನಿಮಿಷ ಕೇಳಿ ಎಣಿಸಿದರು. ಸರಿಯಾಗಿ ನಲವತ್ತೈದು. ಗೀರೇ ಸರಿ ಎಂದುಕೊಂಡು, ಇಂಥ ಸದ್ದು ಎಲ್ಲಿ ಕಂಡರೂ ತೆಗೆ ಎಂದು ಕಂಪ್ಯೂಟರಿಗೆ ಗುರುತು ಹಿಡಿಸಿದರು. ಅದು ವಿಧೇಯ ಪ್ರಾಣಿ. ಎಂಟೂ ಹಾಡುಗಳಲ್ಲಿ ಹುಡುಕಿ ಹುಡುಕಿ ಗುಡಿಸಿ ಹಾಕಿತು. ಮೇಲ್ವಿಚಾರಕರು ಕೇಳಿ, "ಕನ್ನಡಿ ಒರೆಸಿದ ಹಾಗಿದೆ ಕಿವಿಯಕ್ಕಾ" ಅಂದರು. ಕಂಪನಿಯವರೂ ಒಪ್ಪಿದರು. ಸೋಮವಾರ ಸಂಜೆ ಐದಕ್ಕೆ ಹಾಡುಗಳನ್ನು ಕಳಿಸಿಬಿಡುವುದು ಎಂದಾಯಿತು.

ಅದರ ಹಿಂದಿನ ಶುಕ್ರವಾರ ಕಂಪನಿಯವರು ಒಬ್ಬ ಅಜ್ಜನನ್ನು ಕಳಿಸಿದರು. ಹಾಡುಗಳು ಮತ್ತೆ ಬರುತ್ತಿವೆ ಎಂದು ತಿಳಿದು, ಆ ತಂಡದಲ್ಲಿ ಬದುಕಿರುವವನು ನಾನೊಬ್ಬನೇ ಎಂದು ತಾವಾಗಿಯೇ ಕಂಪನಿಗೆ ಹೋಗಿದ್ದವರು. ವೃತ್ತಿಯಲ್ಲಿ ಕ್ಷೌರಿಕರು. ಎಂಬತ್ತೊಂದು ವರ್ಷ, ಇಸ್ತ್ರಿ ಮಾಡಿದ ಅಂಗಿ, ಬಾಚಿದ ನಾಲ್ಕೇ ನಾಲ್ಕು ಕೂದಲು. ಜೊತೆಗೆ ಈಗ ಅಂಗಡಿ ನಡೆಸುತ್ತಿರುವ ಮೊಮ್ಮಗಳು. ಅಜ್ಜ ಹೆಡ್‌ಫೋನ್ ಹಾಕಿಕೊಂಡು ಎಂಟೂ ಹಾಡು ಕೇಳಿದರು. ಅಷ್ಟೂ ಹೊತ್ತು ಅವರ ಬಲಗೈ ಬೆರಳುಗಳು ಮಂಡಿಯ ಮೇಲೆ ಏನೋ ಮಾಡುತ್ತಿದ್ದವು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ತುಂಬಾ ಚೆನ್ನಾಗಿದೆ ಮಗಳೇ. ಎಲ್ಲರೂ ಎದುರಿಗೇ ನಿಂತ ಹಾಗಾಯ್ತು. ನಾನೆಲ್ಲಿ?"

ಕಿವಿಯಕ್ಕನಿಗೆ ಅರ್ಥವಾಗಲಿಲ್ಲ. ಅಜ್ಜ ಬಿಡಿಸಿ ಹೇಳಿದರು. ತಂಡದ ಐದನೆಯ ಹಾಡುಗಾರರು ಅವರು, ಆದರೆ ಆ ಮೂರು ದಿನ ಅವರಿಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ. ಮನೆಗೆ ಹೊರಟವರನ್ನು ತಂಡದ ಮುಖ್ಯಸ್ಥ ತಡೆದು, ಡ್ರಮ್ಮಿಲ್ಲವಲ್ಲ, ಮೈಕಿನ ಪಕ್ಕ ನಿಂತು ಚಿಟಿಕೆಯನ್ನಾದರೂ ಹೊಡಿ ಅಂದಿದ್ದ. "ಕತ್ತರಿ ಹಿಡಿಯೋ ಕೈ ನೋಡಿ, ಲಯ ತಪ್ಪಲ್ಲ. ನಾನು ನಿಲ್ಲಿಸಿದ್ರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಓಡ್ತಿದ್ರು." ಆಮೇಲೆ ತಂಡಕ್ಕೆ ದೊಡ್ಡ ಸ್ಟುಡಿಯೋ ಸಿಕ್ಕಿತು, ಡ್ರಮ್ಮೂ ಬಂತು. ಇವರು ಕತ್ತರಿಗೆ ವಾಪಸಾದರು. ರೆಕಾರ್ಡಿನ ಮೇಲೆ ನಾಲ್ಕೇ ಹೆಸರು.

"ಮನೇಲಿ ಯಾರೂ ನಂಬಿಲ್ಲ" ಎಂದು ಮೊಮ್ಮಗಳು ನಾಚಿಕೆಯಿಂದಲೇ ಹೇಳಿದರು. "ಕಟಿಂಗ್‌ಗೆ ಬಂದವರಿಗೆಲ್ಲ ತಾತ ಇದೇ ಕತೆ ಹೇಳೋದು. ನಾವು ಹೂಂ ಹೂಂ ಅಂತಿದ್ವಿ."

ಕಿವಿಯಕ್ಕ ಅವರಿಬ್ಬರನ್ನೂ ಕೂರಿಸಿ, ಕಂಪ್ಯೂಟರಿನಲ್ಲಿ ಚಟ್ ಸದ್ದು ತೆಗೆಯುವ ಮೊದಲಿನ ಪ್ರತಿಯನ್ನು ಹಾಕಿ, ಈ ಸಲ ಕೊನೆಯವರೆಗೂ ಕೇಳಿದರು. ಕಡೆಯ ಸಾಲಿನಲ್ಲಿ ನಾಲ್ವರೂ ಉಸಿರು ಎಳೆದು ಹಾಡನ್ನು ನಿಧಾನ ಮಾಡುತ್ತಾರೆ. ಚಟ್ ಸದ್ದೂ ಅವರ ಜೊತೆಗೇ ನಿಧಾನವಾಯಿತು. ರೆಕಾರ್ಡಿನ ಮೇಲಿನ ಗೀರಿಗೆ ಹಾಡು ನಿಧಾನವಾದದ್ದು ಹೇಗೆ ಗೊತ್ತಾಗಬೇಕು? ಅದು ತಿರುಗಣೆಯ ಮಾತು ಕೇಳುತ್ತದೆಯೇ ಹೊರತು ಹಾಡಿನ ಮಾತನ್ನಲ್ಲ. ಇದು ಮನುಷ್ಯನ ಬೆರಳು.

"ಊರಿಗೆಲ್ಲ ಕಿವಿಯಕ್ಕ ನಾನು. ಒಂದು ಹಾಡನ್ನ ಕೊನೇವರೆಗೂ ಕೇಳಿರ್ಲಿಲ್ಲ" ಅನ್ನುತ್ತಾರೆ. "ಜೊಳ್ಳು ತೂರೋಕೆ ಹೋಗಿ ಕಾಳನ್ನೇ ತೂರಿಬಿಟ್ಟೆ. ಕೇಳುವಾಗ ಏನೋ ಕಡಿಮೆ ಅನ್ನಿಸಿತ್ತು ನಿಜ. ಶುಚಿಯಾಗಿದ್ದಕ್ಕೆ ಹಾಗೆ ಅನ್ಕೊಂಡೆ. ನಮ್ಮಪ್ಪ ಇದ್ದಿದ್ರೆ ಹೊಸ್ತಿಲಿಂದ ಎಬ್ಬಿಸಿ ಕಳಿಸ್ತಿದ್ರು."

ಮೇಲ್ವಿಚಾರಕರ ಬಳಿ ಹೋಗಿ ತಪ್ಪೊಪ್ಪಿಕೊಂಡರು. ಅವರು ತಲೆ ಕೆರೆದುಕೊಂಡರು. ಒಪ್ಪಿಗೆಯಾದ ಮಾಲು, ಯಾರಿಗೂ ಗೊತ್ತಾಗಲ್ಲ, ಬಿಟ್ಟುಬಿಡಿ ಅಂದರು. "ಗೊತ್ತಾಗೋ ಒಬ್ಬರು ಕೆಳಗೆ ಕೂತಿದ್ದಾರೆ ಸಾರ್" ಎಂದರು ಕಿವಿಯಕ್ಕ. ಮೇಲ್ವಿಚಾರಕರು ಕಂಪನಿಗೆ ಫೋನು ಮಾಡಿದರು. ಸೋಮವಾರ ಐದರೊಳಗೆ ಕೊಟ್ಟರೆ ಹೊಸದು, ಇಲ್ಲವಾದರೆ ಇರುವುದೇ ಹೋಗುತ್ತದೆ ಎಂಬ ಉತ್ತರ ಬಂತು.

ಆ ಶನಿವಾರ, ಭಾನುವಾರ, ಸೋಮವಾರ ಕಿವಿಯಕ್ಕ ನೆಲಮಾಳಿಗೆಯಲ್ಲೇ. ಚಿಟಿಕೆ ಯಾವುದು, ಗೀರು ಯಾವುದು ಎಂದು ಈಗ ಕಂಪ್ಯೂಟರನ್ನು ನಂಬುವ ಹಾಗಿಲ್ಲ. ಒಂದೊಂದನ್ನೂ ಕೇಳಿ ಕೈಯಲ್ಲೇ ಬೇರ್ಪಡಿಸಬೇಕು. ಎಂಟು ಹಾಡು, ಒಂಬೈನೂರ ಹದಿನಾಲ್ಕು ಚಿಟಿಕೆ. ಯಜಮಾನರು ರಜೆ ಹಾಕಿ ಊಟ ತಂದುಕೊಡುತ್ತಿದ್ದರು. "ನೆಗಡಿ ಬಂತೂಂತ ಮೂಗು ಕೊಯ್ದೆ, ಈಗ ಕೂತು ಹೊಲೀತಿದೀಯ" ಎಂದು ಛೇಡಿಸಿ, ಚಪ್ಪಲಿ ಸದ್ದಾಗದಂತೆ ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಸೋಮವಾರ ಮಧ್ಯಾಹ್ನ ಮೂರೂವರೆಗೆ ಕೊನೆಯ ಚಿಟಿಕೆ ಸ್ವಸ್ಥಾನಕ್ಕೆ ಬಂತು.

ನಾಲ್ಕು ಗಂಟೆಗೆ ಅಜ್ಜ ಬಂದರು, ಮೊಮ್ಮಗಳೂ ಬಂದರು. ಈ ಸಲ ಹೆಡ್‌ಫೋನ್ ಬೇಡವೆಂದು ಕಿವಿಯಕ್ಕ ಸ್ಪೀಕರ್ ಹಾಕಿದರು. ನಾಲ್ಕು ದನಿ ಎದ್ದವು, ಅವುಗಳ ನಡುವೆ ಚಟ್ ಎಂಬ ಒಣ, ಗಟ್ಟಿ ಸದ್ದು, ಇಪ್ಪತ್ತೊಂದು ವರ್ಷದ ಹುಡುಗನ ಬೆರಳಿನದು. ಅಜ್ಜನ ಕೈ ತಾನಾಗಿ ಮೇಲೆದ್ದು ಅದರ ಜೊತೆ ಸೇರಿಕೊಂಡಿತು. ಎರಡೂ ಒಂದೇ ಸದ್ದು. ಮೊಮ್ಮಗಳು ಸ್ಪೀಕರನ್ನೂ ತಾತನ ಬೆರಳನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ತಾತನ ಇನ್ನೊಂದು ಕೈಯನ್ನು ಹಿಡಿದುಕೊಂಡು ಕೂತುಬಿಟ್ಟರು. ಕಿವಿಯಕ್ಕ ಅತ್ತರು. ಅತ್ತಿದ್ದನ್ನು ಹೇಳಿಕೊಳ್ಳಲು ಅವರಿಗೇನೂ ಸಂಕೋಚವಿಲ್ಲ.

ಎಲ್ಲ ಮುಗಿದು, ಐದಕ್ಕೆ ಇನ್ನು ಹತ್ತೇ ನಿಮಿಷವಿರುವಾಗ ಅಜ್ಜ ಕುರ್ಚಿಯನ್ನು ಹತ್ತಿರಕ್ಕೆಳೆದು, ಮೊಮ್ಮಗಳಿಗೆ ಕೇಳಿಸದಂತೆ ಪಿಸುಗುಟ್ಟಿದರು.

"ಮಗಳೇ, ಮೂರನೇ ಹಾಡಲ್ಲಿ ಒಂದು ಚಿಟಿಕೆ ತಡವಾಗಿ ಬಿದ್ದಿದೆ. ಬಾಗಿಲಲ್ಲಿ ಯಾರೋ ಬಂದ್ರು ಅಂತ ತಿರುಗಿ ನೋಡಿದ್ದೆ. ಅರವತ್ತು ವರ್ಷದಿಂದ ಅದೊಂದು ಮನಸ್ಸಲ್ಲಿ ಕೊರೀತಿದೆ. ನಿನಗೆ ಅಳಿಸೋ ವಿದ್ಯೆ ಗೊತ್ತಲ್ಲ. ಅದೊಂದನ್ನ ತೆಗೆದುಬಿಡ್ತೀಯಾ?"

ಕಿವಿಯಕ್ಕನಿಗೆ ಅದೂ ಗೊತ್ತಿತ್ತು. ಒಂಬೈನೂರ ಹದಿನಾಲ್ಕರಲ್ಲಿ ಅದು ಮುನ್ನೂರ ಎರಡನೆಯದು. ಅವರು ಕೈಒರೆಸುವ ಬಟ್ಟೆಯನ್ನು ಮಡಿಸಿ ಟಬ್ಬಿನ ಅಂಚಿಗೆ ಹಾಕಿದರು.

"ಇಲ್ಲ ಅಜ್ಜಾ, ಅದಿರ್ಲಿ. ನಾನು ನಿಮ್ಮನ್ನ ಅಳಿಸಿದ್ದು ಒಂದ್ಸಲ ಸಾಕು."