ಅತ್ತೆ ಮುಟ್ಟದ ಬಾಗಿನ

ನಾನು ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಮೇಲಿನ ಮೊದಲ ಗೌರಿ ಹಬ್ಬ. ಎಪ್ಪತ್ತರ ದಶಕದ ಮಾತು. ಕಡೂರಿನ ತವರಿಂದ ಬಂದ ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ಕುಂಕುಮ ತುಂಬಿ, ಮೇಲೊಂದು ಮೊರ ಮುಚ್ಚಿ, ಮೊದಲ ಬಾಗಿನವನ್ನು ಅತ್ತೆಯ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ನನ್ಗೆ ಬ್ಯಾಡ ಕಣೇ. ಬ್ಯಾರೆ ಯಾರಿಗಾದ್ರೂ ಕೊಡು."

ನನಗೋ ಮೂಗಿನ ತುದಿಯಲ್ಲೇ ಕೋಪ. "ನನ್ ಕೈಯಿಂದ ತಗಳಕ್ಕಾಗಲ್ವಾ?" ಎಂದು ಹಬ್ಬದ ದಿನವೇ ಜಗಳಕ್ಕೆ ನಿಂತೆ.

ಸ್ವಾತಂತ್ರ್ಯ ಹೋರಾಟದಲ್ಲಿ ಅತ್ತೆ ಒಂದು ಭೂಗತ ಗುಂಪಿನ ನಾಯಕಿಯಾಗಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಗಂಡಸರನ್ನು ಕಟ್ಟಿಕೊಂಡು ಹೋಗಿ ಟೆಲಿಗ್ರಾಫ್ ತಂತಿ ಕತ್ತರಿಸಿ, ಬೆಳಗಾಗುವಷ್ಟರಲ್ಲಿ ಏನೂ ಅರಿಯದವರಂತೆ ರೊಟ್ಟಿ ತಟ್ಟುತ್ತಿದ್ದರಂತೆ. ಊರಿಗೆ ಗೊತ್ತಿಲ್ಲದ್ದನ್ನು ಅಂದು ನನಗೆ ಹೇಳಿದರು. ಪೊಲೀಸರು ಮನೆಮನೆ ಹುಡುಕುತ್ತಿದ್ದಾಗ ಗೌರಿ ಹಬ್ಬ ಬಂದಿತ್ತು. ಬಾಗಿನವನ್ನು ಯಾರು ಬಿಚ್ಚಿ ನೋಡುತ್ತಾರೆಂದು, ತಂತಿ ಕತ್ತರಿಸುವ ಇಕ್ಕಳವನ್ನು ಅದರೊಳಗಿಟ್ಟು ಶಿವನಿಯ ಗೆಳತಿಗೆ ಕೊಟ್ಟರು. ಒಳಗೇನಿದೆ ಎಂದು ಆ ಗೆಳತಿಗೆ ಹೇಳಲಿಲ್ಲ. ಪೊಲೀಸರು ಬಿಚ್ಚಿದರು. ಕೊಟ್ಟದ್ದು ಯಾರೆಂದು ಅವಳು ಹೇಳಲಿಲ್ಲ. ಇಕ್ಕಳ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಅವಳ ಗಂಡನದೇ ಎಂದು ಅವನನ್ನು ಎಳೆದೊಯ್ದರು. ಅವನು ಠಾಣೆಯಿಂದ ಹೆಣವಾಗಿ ಬಂದ.

"ನಾನು ಬಾಯಿ ಬಿಟ್ಟಿದ್ರೆ ಅವ್ನು ಉಳೀತಿದ್ದ. ನಮ್ಮ ಹುಡುಗ್ರು ಸಿಕ್ಕಿಬೀಳ್ತಿದ್ರು. ಸುಮ್ನಾಗ್ಬಿಟ್ಟೆ. ಬಾಗಿನ ಕೊಟ್ಟು ಅವ್ಳ ಮುತ್ತೈದೆತನ ಕಿತ್ಕಂಡೆ ಕಣೇ. ಆಮೇಲೆ ಅವ್ಳ ಮುಖ ನೋಡಿಲ್ಲ."

ನಾನು ನಾಲ್ಕಕ್ಷರ ಕಲಿತವಳು. ಯಾವ ತಪ್ಪಿಗೂ ಪರಿಹಾರ ಇದ್ದೇ ಇರುತ್ತದೆಂದು ನಂಬಿದ್ದೆ. "ಈ ಬಾಗಿನಾನ ಅವ್ರಿಗೇ ಕೊಟ್ಟು ಬರಾಣ ಬನ್ನಿ ಅತ್ತೆ" ಎಂದು ಹಟ ಹಿಡಿದು ಹೊರಡಿಸಿದೆ. ಪೊಲೀಸರಿಗೆ ಹೆದರದ ಹೆಂಗಸು, ಶಿವನಿ ಬರುವವರೆಗೂ ರೈಲಿನಲ್ಲಿ ನನ್ನ ಕೈ ಬಿಡಲಿಲ್ಲ.

ಆ ಗೆಳತಿ ಜಗಲಿಯ ಮೇಲೆ ಅಲಸಂದೆ ಬಿಡಿಸುತ್ತ ಕೂತಿದ್ದರು. ನೋಡಿದ ಕೂಡಲೇ ಗುರುತು ಹಿಡಿದರು. ಅತ್ತೆ ಬಾಗಿನ ಚಾಚಿದರು. ಅವರು ಸೆರಗೊಡ್ಡಲಿಲ್ಲ. ಮೇಲಿನ ಮೊರ ಎತ್ತಿ ಒಳಗೆ ಇಣುಕಿದರು.

"ಈ ಸಲ ಏನಿಟ್ಟಿದ್ದೀಯೇ?"

ಅತ್ತೆ ಮೊರವನ್ನು ಜಗಲಿಯ ಮೇಲಿಟ್ಟರು. ಒಳಗಿದ್ದದ್ದು ನಾನು ತುಂಬಿದ ಹಸಿರು ಬಳೆ, ಕುಂಕುಮ. ಗಂಡನನ್ನು ಕಳಕೊಂಡವರಿಗೆ! ಅವನ್ನು ತೆಗೆದಿಡಬೇಕೆಂಬುದು ನನ್ನ ಬುದ್ಧಿವಂತ ತಲೆಗೆ ಹೊಳೆದೇ ಇರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಬಳೆ, ಕುಂಕುಮ ಆರಿಸಿ ನನ್ನ ಕೈಗಿಟ್ಟರು. ಅಕ್ಕಿ, ಬೇಳೆಯನ್ನು ಒಳಗೆ ಸುರಿದು ಬಂದು ಬರಿಮೊರ ಕೊಟ್ಟರು.

"ಮುಂದಿನ್ ವರ್ಷ ಬತ್ತೀನಿ" ಎಂದರು ಅತ್ತೆ.

"ಬಾ. ಆದ್ರೆ ಬಿಚ್ಚಿ ನೋಡೇ ತಗಳದು."

ಅತ್ತೆ ಇರುವವರೆಗೂ ಪ್ರತಿ ಗೌರಿಗೂ ಹೋದೆವು. ಕೊನೆಕೊನೆಗೆ ಆ ಗೆಳತಿ ನಮಗೆ ಕಾಫಿಯನ್ನೂ ಕೊಡುತ್ತಿದ್ದರು. ಆದರೆ ಮೊರವನ್ನು ಒಂದು ಸಲವೂ ಬಿಚ್ಚಿ ನೋಡದೆ ತೆಗೆದುಕೊಳ್ಳಲಿಲ್ಲ.